ತುಂಬಿದ ಉಡಿ

ನನ್ನ ಗಂಡ ದೇವರಂಥ ಮನುಷ್ಯ ಎಂದು ಪುಣೆಯಲ್ಲಿ ನಾವು ಬಾಡಿಗೆಗಿದ್ದ ವಾಡೆಯ ಹೆಂಗಸರೆಲ್ಲ ಹೇಳುತ್ತಿದ್ದರು. ನಿಜ. ದೇವರ ಹಾಗೆಯೇ, ಏನು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಬಹಳವಾದರೆ "ನೋಡೋಣಂತ" ಎನ್ನುವರು. ಆ ವರ್ಷ ದೀಪಾವಳಿಗೆ ನನ್ನ ಅತ್ತೆ ಪುಣೆಗೆ ಬಂದವರು ಚಹಾ ಕುಡಿಯುತ್ತ, ನೆರೆಮನೆಯವರು ಒಂದು ಬಟ್ಟಲು ಸಕ್ಕರೆ ಕೇಳುವಷ್ಟು ಹಗುರಾಗಿ ಕೇಳಿದರು: "ದೊಡ್ಡಾವಗ ಮಕ್ಕಳಿಲ್ಲ. ನಿಮಗ ಮೂರದಾವ. ಎರಡನೇದವನ್ನ ಅವರ ಉಡ್ಯಾಗ ಹಾಕಿಬಿಡ್ರಿ. ದತ್ತಕ ಆಗಿಹೋಗ್ಲಿ, ಹೊಲಾ ಮನ್ಯಾಗಽ ಉಳೀತದ." ನಾನು ಗಂಡನ ಮುಖ ನೋಡಿದೆ. ಅವರು ಚಹಾ ಬಟ್ಟಲಿನ ತಳ ನೋಡುತ್ತ "ನೋಡೋಣಂತವ್ವ" ಎಂದರು.

"ಇಲ್ಲ" ಎನ್ನಲು ಎಷ್ಟು ಹೊತ್ತು ಬೇಕು? ಅದೊಂದು ಅವರ ಬಾಯಿಂದ ಬರಲಿಲ್ಲ. ಹೀಗಾಗಿ ಸಂಕ್ರಮಣ ಮುಗಿದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ದೌಂಡದ ರೈಲು ಹತ್ತಬೇಕಾಯಿತು. "ಅಣ್ಣ ಗಾಣ ಹೂಡ್ಯಾನ. ಬೆಲ್ಲ ಮಾಡೋದು ಹುಡುಗ್ರು ನೋಡ್ಲಿ. ಸುಮ್ನ ಹೋಗಿ ಬರೋದು" ಎಂದರು ಇವರು. ಸುಮ್ಮನೆಯಂತೆ! ಕುರಿಯನ್ನು ಸಂತೆಗೆ ಹೊಡೆದುಕೊಂಡು ಹೋಗುವವನೂ ಕುರಿಗೆ ಹಾಗೆಯೇ ಹೇಳುತ್ತಾನೆ.

ಇವರ ಅಣ್ಣ, ಅಂದರೆ ನನ್ನ ಭಾವನವರು, ರೈಲ್ವೆ ನೌಕರಿಗೆಂದು ಧಾರವಾಡ ಬಿಟ್ಟು ದೌಂಡಕ್ಕೆ ಬಂದವರು. ಅಲ್ಲಿ ಕಾಲುವೆಯ ನೀರು ಕಂಡು ಮರುಳಾಗಿ, ನೌಕರಿ ಬಿಟ್ಟು ಕಬ್ಬಿಗೆ ಬಿದ್ದಿದ್ದರು. ಸ್ಟೇಷನ್ನಿನಿಂದ ಅವರ ಹೊಲಕ್ಕೆ ಎತ್ತಿನ ಗಾಡಿಯಲ್ಲಿ ಹೋಗಬೇಕು. ಆ ದಾರಿಯ ವೈಭವ ಏನು ಹೇಳಲಿ! ಕೈಗೂಸು ನನ್ನ ಹೊಸ ಇಳಕಲ್ ಸೀರೆಯ ಮೇಲೆ ಹಾಲು ಕಕ್ಕಿತು. ಹಿರಿಯ ಮಗಳು ರೈಲಿನ ಕಿಡಿ ಕಣ್ಣಿಗೆ ಬಿತ್ತೆಂದು ಗಾಡಿಯಲ್ಲೂ ಅಳುತ್ತಿದ್ದಳು. ಎರಡನೆಯವನು, ಆ ಐದು ವರ್ಷದ ಪುಂಡ, ಗಾಡಿ ಹೊಡೆಯುವವನ ಬಾರುಕೋಲು ಕಿತ್ತುಕೊಂಡು ತನ್ನ ಅಪ್ಪನಿಗೇ ಒಂದು ಬಾರಿಸಿದ. ಇವರು "ಇರ್ಲಿ ಬಿಡು, ಕೂಸು" ಎಂದರು. ಕೂಸು ನನ್ನದು, ಇವರಿಗೆ ಅದು ಗೊತ್ತಿದೆಯೋ ಇಲ್ಲವೋ ಎಂದೇ ನನಗೆ ಸಂಶಯ.

ಬಾಗಿಲಲ್ಲಿ ಅತ್ತೆ ಕಾದಿದ್ದರು. "ಎಡಗಾಲು ಮದ್ಲ ಇಡಬ್ಯಾಡ! ನೀರು ಹಾಕ್ಕೋ! ಕೂಸಿಗೆ ದೃಷ್ಟಿ ತಗೀಲಾರ್ದ ಒಳಗ ತರಬ್ಯಾಡ!" ನಮ್ಮ ಅತ್ತೆಗೆ ಪದ್ಧತಿಯೆಂದರೆ ಉಸಿರು. ಅನ್ನ ಸೀದರೆ ಕ್ಷಮಿಸುವರು, ಪದ್ಧತಿ ತಪ್ಪಿದರೆ ಏಳು ಜನ್ಮ ನೆನಪಿಡುವರು.

ನಾನು ದಾರಿಯುದ್ದಕ್ಕೂ ಜಗಳ ಕಟ್ಟಿಕೊಂಡು ಬಂದಿದ್ದೆ, ಭಾವನವರ ಹೆಂಡತಿಯ ಮೇಲೆ. ನನ್ನ ಮಗನ ಮೇಲೆ ಕಣ್ಣು ಹಾಕಿದ ನೆಗೆಣ್ಣಿಗೆ ಏನೇನು ಅನ್ನಬೇಕೆಂದು ಮಾತು ಹೊಂದಿಸಿಟ್ಟಿದ್ದೆ. ಆದರೆ ಜಗಳಾಡೋಣವೆಂದರೆ ಆಕೆ ಜಗಳಕ್ಕೆ ಸಿಗುವ ಹೆಂಗಸೇ ಅಲ್ಲ. ಬಂದವಳೇ ಬಿಸಿನೀರು ತಂದು ಮಕ್ಕಳ ಕಾಲು ತೊಳೆದಳು. "ಭಾಳ ದಣದೀ ತಂಗಿ, ಅಡ್ಡಾಗು" ಎಂದು ನನ್ನ ಕಂಕುಳಿನ ಕೂಸನ್ನು ಎತ್ತಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು.

ಊಟಕ್ಕೆ ಕೂತಾಗ ನನ್ನ ಮಗರಾಯ ತನ್ನ ತಾಟು ಬಿಟ್ಟು ಸೀದಾ ಹೋಗಿ ಆಕೆಯ ತೊಡೆಯ ಮೇಲೆ ಕುಳಿತ. ಅಲ್ಲಿ ಕೆನೆಮೊಸರು ಕಂಡಿತ್ತು, ಅಷ್ಟೇ. ಅತ್ತೆ ಮಾತ್ರ ಕೈ ನಿವಾಳಿಸಿ ನೆಟಿಗೆ ಮುರಿದರು. "ನೋಡ್ರಿ, ನೋಡ್ರಿ! ದತ್ತಕದಾಗ ನಾವು ತೊಡಿ ಮ್ಯಾಲ ಕೂಡಸಬೇಕು, ಇಂವ ತಾನಽ ಹೋಗಿ ಕುಂತ! ದೇವರ ಇಚ್ಛಾ!" ದೇವರ ಇಚ್ಛೆಯಲ್ಲ, ಮೊಸರಿನ ಇಚ್ಛೆ ಎಂದು ನಾನು ಗೊಣಗಿದೆ. ಭಾವನವರು ಮಜ್ಜಿಗೆ ಸೊರ್ರೆಂದು ಸುರಿದರು. ಇವರು ಉಪ್ಪಿನಕಾಯಿ ನೆಕ್ಕಿದರು. ಅಣ್ಣತಮ್ಮಂದಿರು ಒಂದೇ ಎರಕದವರು.

ಮರುದಿನ ಗಾಣದ ಹತ್ತಿರ ನನ್ನ ಪ್ರಾಣ ಹೋಗಿ ಬಂತು. ಮಗಳು ಕಬ್ಬಿನ ಸೋಗೆ ತಿನ್ನಿಸುತ್ತ ಎತ್ತಿನ ಮುಂದೆ ನಿಂತು ಗಾಣವನ್ನೇ ನಿಲ್ಲಿಸಿದಳು. ಕೈಗೂಸು ಸಗಣಿಯ ರುಚಿ ನೋಡುತ್ತಿತ್ತು. ಎರಡನೆಯವನು ಕುದಿಯುವ ಕೊಪ್ಪರಿಗೆಯ ಸುತ್ತ ಸುತ್ತುತ್ತಿದ್ದ. ಬೆಲ್ಲದ ಹದ ನೋಡುವ ಮರಾಠಿ ಮುದುಕ ನನ್ನನ್ನೇ ಬೈದ: "ವಹಿನಿ, ಪೋರಾಲಾ ಸಾಂಭಾಳಾ!" ಹುಡುಗನನ್ನು ಸಂಭಾಳಿಸಬೇಕಂತೆ! ಸಂಭಾಳಿಸಲು ನನಗಿರುವುದು ಎರಡೇ ಕೈ, ಮಕ್ಕಳು ಮೂರು, ಅವರಪ್ಪ ಬೇವಿನ ನೆರಳಲ್ಲಿ ಅಣ್ಣನ ಜೊತೆ ಮೌನವ್ರತದಲ್ಲಿ. "ಏನ್ರೀ, ಸ್ವಲ್ಪ ಹಿಡೀರಿ ಇವನ್ನ!" ಎಂದು ಕೂಗಿದೆ. "ಅತ್ತಿಗೆ ಹಿಡದಾರಲ್ಲ" ಎಂದರು. ಹೌದು, ಹಿಡಿದಿದ್ದಳು. ಅದೇ ಅಲ್ಲವೇ ನನ್ನ ಸಂಕಟ! ಬಿಸಿಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿ, ಊದಿ ಊದಿ ಅವನ ಬಾಯಿಗಿಡುತ್ತಿದ್ದಳು. ಅವನ ತಲೆಗೂದಲಿಗೆಲ್ಲ ಬೆಲ್ಲ ಮೆತ್ತಿ, ನೊಣ ಮುತ್ತಿ, ನನ್ನ ಮಗನೆಂದು ಗುರುತೇ ಸಿಗುತ್ತಿರಲಿಲ್ಲ.

ಕಬ್ಬಿನ ಹಾಲು, ಬಿಸಿಬೆಲ್ಲ, ಮೇಲೆ ಕೆನೆಮೊಸರು. ಹೊಟ್ಟೆಯೇನು ಕಾಳು ತುಂಬುವ ಹಗೇವೇ? ಮಧ್ಯಾಹ್ನಕ್ಕೆ ಹುಡುಗ ಹೊಟ್ಟೆ ಹಿಡಿದುಕೊಂಡು ಹೊರಳಾಡತೊಡಗಿದ. ನೆಗೆಣ್ಣಿ ಓಡಿಹೋಗಿ ಅಜವಾನ ಕುದಿಸಿ ತಂದಳು. ಅವನು ಆಕೆಯ ಕೈ ತಳ್ಳಿ ಚೀರಿದ: "ನೀ ಬ್ಯಾಡ! ಅವ್ವ ಬೇಕು! ನನ್ನವ್ವ ಬೇಕು!" ಬಟ್ಟಲು ಉರುಳಿತು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಹಬ್ಬವಾಯಿತು. ಆಕೆ ಚೆಲ್ಲಿದ್ದನ್ನು ಒರೆಸಿ, ನನಗೆ ಜಾಗ ಬಿಟ್ಟು ಸರಿದಳು. ನಾನು ಅವನನ್ನು ಎದೆಗವಚಿ ಕುಡಿಸುವಾಗ ಆಕೆ ಹೊಸ್ತಿಲ ಬಳಿ ಕೂತು ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದಳು. ಅವನು ನಿದ್ದೆ ಹೋದ ಮೇಲೂ ಹಾಕುತ್ತಲೇ ಇದ್ದಳು.

ಹೊರಡುವ ದಿನ ಬೆಳಿಗ್ಗೆ ಗಾಡಿ ಹೂಡಿದರು. ನಾನು ಗಂಟು ಕಟ್ಟುತ್ತಿದ್ದೆ. ಅತ್ತೆ ಒಳಗಿನಿಂದ ಹೊಸ ಜರಿಯ ಟೊಪ್ಪಿಗೆ ತಂದು ಎರಡನೆಯವನ ತಲೆಗಿಟ್ಟರು. "ಹುಡುಗ ಇಲ್ಲೇ ಇರ್ಲಿ. ರೂಢಿ ಆಗ್ಲಿ. ಅಕ್ಷಯ ತದಿಗಿಗೆ ಶಾಸ್ತ್ರ ಮಾಡಿ ಮುಗಿಸೋಣು."

ನನ್ನ ಕೈಯಿಂದ ಗಂಟು ಬಿತ್ತು. ಇವರ ಕಡೆ ನೋಡಿದೆ. "ಅವ್ವ ಅಂತಾಳ... ನಾಕ ದಿನಾ ಇರ್ಲಿ, ಆಮ್ಯಾಲೆ ನೋಡೋಣಂತ..." ಎಂದರು.

"ಏನ ನೋಡ್ತೀರಿ? ಕೊಟ್ಟ ಮಗ ನಾಕ ದಿನಕ್ಕ ತಿರುಗಿ ಬರ್ತಾನೇನ್ರಿ? ಹೆತ್ತಾಕಿ ನಾನು, ನನ್ನೊಂದು ಮಾತು ಕೇಳಿದ್ರೇನು ನೀವು? ಬಾಯಾಗ ಏನ ಅವಲಕ್ಕಿ ತುಂಬ್ಕೊಂಡೀರಿ?" ಹಿರಿಯರ ಮುಂದೆ ಗಂಡನಿಗೆ ಹಾಗೆ ಅಂದದ್ದು ಅದೇ ಮೊದಲು. ಭಾವನವರು ಕೆಮ್ಮಿ, ನೊಗದ ಹಗ್ಗ ಸರಿಯಿದೆಯೇ ಎಂದು ನೋಡಲು ಹೋದರು. ಇವರು ಚಪ್ಪಲಿ ನೋಡಿಕೊಂಡರು.

ಅತ್ತೆ ಅಲ್ಲಾಡಲಿಲ್ಲ. "ಆತು, ಕೂಗಾಡಬ್ಯಾಡ. ರೈಲಿನ ಹೊತ್ತಾತು. ಮದ್ಲ ಉಡಿ ತುಂಬ್ರಿ ಆಕೀಗೆ."

ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದು ನಮ್ಮಲ್ಲಿಲ್ಲ. ಅತ್ತೆ ವಿಧವೆ, ಅವರು ತುಂಬುವಂತಿಲ್ಲ. ಆ ಮನೆಯಲ್ಲಿ ಮುತ್ತೈದೆಯೆಂದರೆ ನೆಗೆಣ್ಣಿ ಒಬ್ಬಳೇ. ನಾನು ಮಣೆಯ ಮೇಲೆ ಕೂತು ಸೆರಗು ಒಡ್ಡಿದೆ. ಆಕೆ ಅರಿಷಿಣ ಕುಂಕುಮ ಹಚ್ಚಿ, ಐದು ಬೊಗಸೆ ಅಕ್ಕಿ ಹಾಕಿದಳು. ತೆಂಗಿನಕಾಯಿ, ಎಲೆ ಅಡಿಕೆ, ಕುಬಸದ ಖಣ, ಹೊಸ ಬೆಲ್ಲದ ಒಂದು ಅಚ್ಚು ಹಾಕಿದಳು. ಆಮೇಲೆ ತಿರುಗಿ, ಟೊಪ್ಪಿಗೆ ಹಾಕಿಕೊಂಡು ನಿಂತಿದ್ದ ನನ್ನ ಮಗನನ್ನು ಎತ್ತಿ, ಆ ಅಕ್ಕಿಯ ಮೇಲೆ, ನನ್ನ ಉಡಿಯಲ್ಲಿ ಕೂಡಿಸಿದಳು.

"ಏ, ಏನ ಮಾಡಾಕತ್ತೀ?" ಅತ್ತೆ ಚೀರಿದರು.

"ಉಡಿ ತುಂಬಾಕತ್ತೇನ್ರಿ, ಅತ್ತಿ," ಎಂದಳು ಆಕೆ, ಅಷ್ಟೇ ಮೆಲ್ಲಗೆ. "ಮುತ್ತೈದಿ ಉಡ್ಯಾಗ ಹಾಕಿದ್ದು ತಿರುಗಿ ತಗೋಬಾರ್ದು. ನೀವಽ ಕಲಿಸೀರಿ."

ಬೇರೆ ಯಾರು ಏನೇ ಹೇಳಿದ್ದರೂ ಅತ್ತೆ ಹಣ್ಣುಗಾಯಿ ಮಾಡಿಬಿಡುತ್ತಿದ್ದರು. ಪದ್ಧತಿಯ ಎದುರು ಏನು ಹೇಳುವರು? "ಅಕ್ಕಾ" ಎಂದೆ. "ಏಳು, ರೈಲು ತಪ್ತದ" ಎಂದಳು. ತುಂಬಿದವಳ ತಟ್ಟೆ ಬರಿದಾಗಬಾರದೆಂದು ಉಡಿಯೊಳಗಿಂದ ಒಂದು ಚಿಟಿಕೆ ಅಕ್ಕಿ ತಿರುಗಿ ಹಾಕುವುದು ಪದ್ಧತಿ. ಹಾಕಿದೆ. ಆಕೆ ಹುಡುಗನ ಚಡ್ಡಿಗೆ ಅಂಟಿದ ಅಕ್ಕಿಕಾಳು ಕೊಡವಿ ಅವನನ್ನು ಗಾಡಿ ಹತ್ತಿಸಿದಳು.

ಇಷ್ಟಾದ ಮೇಲಾದರೂ ಸುಖವುಂಟೇ? ರೈಲು ದೌಂಡ ಬಿಟ್ಟಿತೋ ಇಲ್ಲವೋ, ಆ ಪುಂಡ ಶುರುಮಾಡಿದ: "ದೊಡ್ಡವ್ವ ಬೇಕು! ದೊಡ್ಡವ್ವನ ಕಡೆ ಹೋಗೋಣು!" ಡಬ್ಬಿಯ ಮಂದಿಯೆಲ್ಲ ನಾನೇನೋ ಹುಡುಗನನ್ನು ಕದ್ದು ತಂದವಳೆಂಬಂತೆ ನೋಡತೊಡಗಿದರು. ಇವರು ಆರಾಮಾಗಿ ಬೆನ್ನು ಆನಿಸಿ, "ನಾ ಹೇಳಿರ್ಲಿಲ್ಲೇನು, ಎಲ್ಲಾ ಸರಿ ಹೋಗ್ತದಂತ" ಎಂದರು. ಕೈಯಲ್ಲಿದ್ದ ತೆಂಗಿನಕಾಯಿಯನ್ನು ಎಲ್ಲಿ ಒಡೆಯಬೇಕೆಂದು ನಾನು ಕ್ಷಣಹೊತ್ತು ಯೋಚಿಸಿದೆ.

ಅತ್ತು ಅತ್ತು ಸಾಕಾಗಿ ಹುಡುಗ ನನ್ನ ಮಡಿಲಲ್ಲಿ ಒರಗಿದ. ಬಿಕ್ಕುತ್ತ ಕೇಳಿದ: "ಅವ್ವಾ, ನಿನ್ನ ಕಡೆ ನಾವು ಮೂರ ಮಂದಿ ಅದೀವಿ. ದೊಡ್ಡವ್ವನ ಕಡೆ ಯಾರದಾರ?"

"ದೊಡ್ಡಪ್ಪ ಅದಾರಲ್ಲೋ."

ಅವನು ಮೂಗು ಒರೆಸಿಕೊಂಡು ಹೇಳಿದ: "ಅವರು ಮಾತಽ ಆಡಂಗಿಲ್ಲ."

ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು. ವಾಡೆಯಲ್ಲಿ ನೀರಿನ ನಳದ ಮುಂದೆ ಇಡೀ ಸಾಲಿನ ಹೆಂಗಸರ ಬಾಯಿ ಮುಚ್ಚಿಸುತ್ತಿದ್ದ ನಾನು ಆ ಕೂಸಿಗೆ ಕೊಡಲು ಒಂದು ಉತ್ತರ ಹುಡುಕಿದೆ. ಬರಿದಾಗಬಾರದೆಂದು ದೊಡ್ಡವ್ವನ ತಟ್ಟೆಯಲ್ಲಿ ಒಂದು ಚಿಟಿಕೆ ಅಕ್ಕಿ ಹಾಕಿ ಬಂದಿದ್ದೇನೆಂದು ಹೇಳಲೇ?