ಖಾಲಿ ಬಿಟ್ಟ ಕಿವಿ

ಅವರ ಹುಬ್ಬಿನಲ್ಲಿ ಯಾವಾಗಲೂ ಅರಳೆಯ ಒಂದೆರಡು ಎಳೆ ಸಿಕ್ಕಿಕೊಂಡಿರುತ್ತಿದ್ದವು. ದಿನವಿಡೀ ಕಟ್ಟೆಯ ಮೇಲೆ ಕುಳಿತು ದೇವರ ಬತ್ತಿ ಹೊಸೆಯುತ್ತಿದ್ದ ಆಯಿ, ಯಾರಾದರೂ ಬಾಗಿಲಿಗೆ ಬಂದರೆ ಆ ಬಿಳಿ ಹುಬ್ಬುಗಳನ್ನು ಒಟ್ಟು ಸೇರಿಸಿ ನೋಡುವರು. ಬಂದವನು ಹಾಲಿನವನಿರಲಿ, ನೇಸರಗಿಯಿಂದ ಬಂದ ಸ್ವಂತ ಅಳಿಯನಿರಲಿ, ನೋಟ ಒಂದೇ.

ಬೈಲಹೊಂಗಲದ ಶಾಲೆಗೆ ನಾನು ಶಿಕ್ಷಕಿಯಾಗಿ ಸೇರಿದಾಗ ಬಾಡಿಗೆಗೆ ಹಿಡಿದದ್ದು ಅವರ ಹಿತ್ತಲ ಕೋಣೆಯನ್ನು. ಎದುರಿಗೇ ಬಚ್ಚಲು. ಆಯಿಯ ಗಂಡ ಅರಳೆ ವ್ಯಾಪಾರ ಮಾಡುತ್ತಿದ್ದರಂತೆ. ಅವರು ಹೋದ ಮೇಲೂ ಅಂಗಡಿಯ ಹಳೆಯ ತೂಕದ ಕಾಟಾವನ್ನು ಆಯಿ ಮಾರಿರಲಿಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ಅದಕ್ಕೆ ತೂಗುಹಾಕಿಸಿ ನೋಡಿದ ಮೇಲೆಯೇ ಒಳಗೆ ಬಿಡುವರು. ಬೀಗ ಹಾಕಿ ಜಗ್ಗುವರು, ಓಣಿಯ ತಿರುವಿನಿಂದ ವಾಪಸು ಬಂದು ಮತ್ತೆ ಜಗ್ಗುವರು. ನನ್ನ ಕೋಣೆಯ ಇನ್ನೊಂದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಿಮ್ಮ ಮ್ಯಾಲ ಸಂಶೆ ಇಲ್ರಿ ಬಾಯಾರ. ಆದ್ರ ಇರಲಿ" ಎಂದಿದ್ದರು.

ಕೈಯಲ್ಲಿ ಹಿಡಿದು ಆಡುವ ಗೇಮಿನ ಯಂತ್ರವೊಂದು ನನ್ನಲ್ಲಿತ್ತು. ರಾಮದುರ್ಗದಲ್ಲಿರುವ ತಮ್ಮ ಹೊಸದು ಕೊಂಡು ಹಳೆಯದನ್ನು ನನಗೆ ದಾಟಿಸಿದ್ದ. ಸಂಜೆ ಶಾಲೆಯಿಂದ ಬಂದು, ವೈರಿನ ಹೆಡ್‌ಫೋನ್ ಹಾಕಿಕೊಂಡು ಕಾರು ಓಡಿಸುತ್ತ ಕುಳಿತರೆ ಮಕ್ಕಳ ಗದ್ದಲವೆಲ್ಲ ತಲೆಯಿಂದ ಇಳಿಯುತ್ತಿತ್ತು. ಆಯಿಗೆ ಅದೂ ಗುಮಾನಿ.

"ಒಬ್ರ ಕುಂತು ನಗಾಕ ಹತ್ತೀರಲ್ಲ, ಆ ಕಡೆ ಯಾರ ಅದಾರ?"

"ಯಾರೂ ಇಲ್ರಿ ಆಯಿ, ಆಟ."

"ಹೂಂ" ಎನ್ನುವರು, ನಂಬದೆ.

ಒಂದು ಮಳೆಗಾಲ ಅವರು ಕುಂಟತೊಡಗಿದರು. ಕೇಳಿದರೆ "ಮಣಕಾಲ ಹಿಡದೈತಿ" ಎಂದು ಮುಖ ತಿರುಗಿಸಿದರು. ಅಂದಿನಿಂದ ನನಗೆ ಬರುತ್ತಿದ್ದ ಬಿಸಿ ರೊಟ್ಟಿ, ಶೇಂಗಾ ಚಟ್ನಿ ನಿಂತವು. ಮಾತೂ ನಿಂತಿತು. ನಾನು ಮಾಡಿದ ತಪ್ಪೇನೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅವರ ಜೊತೆ ಇದ್ದೂ ಇದ್ದೂ ಅವರ ಗುಮಾನಿಯ ರೋಗ ನನಗೂ ಅಂಟಿತು. ಕೋಣೆಗೆ ಬಂದಾಗಲೆಲ್ಲ ಸಾಮಾನು ಜರುಗಿದೆಯೇ ಎಂದು ನೋಡತೊಡಗಿದೆ.

ಸಿಟ್ಟು ಕರಗಿಸೋಣವೆಂದು ಒಂದು ಸಂಜೆ ಯಂತ್ರವನ್ನು ಕಟ್ಟೆಗೇ ಒಯ್ದೆ. ವೈರು ಚುಚ್ಚಿದ ಕೂಡಲೇ ಯಂತ್ರದ ಸದ್ದು ಅಡಗಿತು. ಹೆಡ್‌ಫೋನನ್ನು ಅವರ ಕಿವಿಗಿಟ್ಟೆ. ಅಲುಗಾಡದೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಕೇಳಿದರು: "ಈಗ ನೀವು ಏನರ ಅಂದ್ರಿ?"

"ಚಹಾ ಮಾಡ್ಲೇನ್ರಿ ಅಂದೆ."

ಅವರು ಆ ವೈರನ್ನೂ ಅದು ಹೊಕ್ಕ ತೂತನ್ನೂ ಬಹಳ ಹೊತ್ತು ನೋಡಿದರು. ಮರುದಿನ ರೊಟ್ಟಿ ಬಂತು.

ಅದಾಗಿ ಕೆಲವೇ ದಿನಕ್ಕೆ ಹೆಡ್‌ಫೋನಿನಲ್ಲಿ ಸದ್ದು ಬರುವುದು ನಿಂತಿತು. ವೈರು ಸಿಕ್ಕಿಸಿದರೂ ಕಾರಿನ ಗುರ್ರೆನ್ನುವ ಸದ್ದು ಯಂತ್ರದಿಂದ ಹೊರಗೇ ಬರುತ್ತಿತ್ತು. ವಾಲ್ಯೂಮ್ ನೋಡಿದೆ, ಆಫ್ ಮಾಡಿ ಆನ್ ಮಾಡಿದೆ. ಅದೇ ಹೆಡ್‌ಫೋನ್ ಮೊಬೈಲಿಗೆ ಹಾಕಿದರೆ ಚೆನ್ನಾಗಿ ಹಾಡಿತು. ಅಂದರೆ ಕೆಟ್ಟದ್ದು ಯಂತ್ರವೇ. ಕೆಡುವುದೆಂದು ಗೊತ್ತಿದ್ದೇ ತಮ್ಮ ದಾಟಿಸಿರಬೇಕೆಂದು ಫೋನಿನಲ್ಲಿ ಬೈದೆ.

"ಅಕ್ಕಾ, ಪಿನ್ ಪೂರಾ ಒಳಗ ಹೊಂಟೈತೇನ ನೋಡು. ತೂತಿನಾಗ ಏನರ ಕುಂತಿರಬೇಕು" ಎಂದ.

ಪಿನ್ ಕೊಂಚ ಹೊರಗೇ ನಿಲ್ಲುತ್ತಿತ್ತು. ಯಂತ್ರ ಆಫ್ ಮಾಡಿ, ಟಾರ್ಚ್ ಹಿಡಿದು, ಚಿಮಟದಿಂದ ಮೆಲ್ಲಗೆ ಎಳೆದೆ. ಬಂದದ್ದು ಕಸವಲ್ಲ. ಬಿಗಿಯಾಗಿ ಹೊಸೆದ ಬತ್ತಿ.

ಮೈ ಉರಿಯಿತು. ಅಂಗೈಯಲ್ಲಿ ಅದನ್ನಿಟ್ಟುಕೊಂಡು ಕಟ್ಟೆಗೆ ಹೋದೆ.

"ಆಯಿ, ಇದು ಯಾರದ್ರಿ?"

"ಬತ್ತಿ. ಊರಾಗ ಎಲ್ಲಾರ ಮನ್ಯಾಗೂ ಇರತಾವ."

"ಬೀಗ ಹಾಕಿದ ನನ್ನ ಕೋಣ್ಯಾಗ ಇರಂಗಿಲ್ರಿ."

ಅವರ ಕೈ ನಿಂತಿತು. ತಲೆ ಎತ್ತದೆಯೇ ಹೇಳಿದರು:

"ನಾ ಕುಂಟಾಕ ಹತ್ತಿದ್ನಲ್ಲ, ಆವತ್ತ ಬಚ್ಚಲದಾಗ ಬಿದ್ದಿದ್ದೆ. ಎಷ್ಟ ಒದರಿದೆ! ನಿಮ್ಮ ಕೋಣ್ಯಾಗ ಲೈಟ್ ಇತ್ತು. ಕೇಳಿಸಿದ್ರೂ ಸುಮ್ಮ ಕುಂತಾರ ಅಂತ ತಿಳಕೊಂಡೆ. ಗ್ವಾಡಿ ಹಿಡಕೊಂಡು ನಾನ ಎದ್ದೆ. ಆಮ್ಯಾಲ ನೀವು ಅದನ್ನ ನನ್ನ ಕಿವಿಗೆ ಹಾಕಿದ್ರಿ. ನಿಮ್ಮ ಬಾಯಿ ಆಡೋದ ಕಾಣಾಕ ಹತ್ತಿತ್ತು, ಮಾತು ಕೇಳಲಿಲ್ಲ. ತಪ್ಪು ನಿಮ್ಮದಲ್ಲ, ಆ ತೂತಿಂದು ಅಂತ ತಿಳೀತು. ಮುಚ್ಚಿದೆ."

"ನನಗ ಹೇಳಬಾರದಿತ್ತೇನ್ರಿ ಆಯಿ?"

"ಹೇಳಿದ್ರ ಹೂಂ ಅಂತಿದ್ರಿ. ಆಮ್ಯಾಲ ಹಾಕ್ಕೊಂಡೀರೋ ಬಿಟ್ಟೀರೋ, ನಾ ಹೆಂಗ ನೋಡ್ಲಿ?"

ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಅಂದಿನಿಂದ ಹೆಡ್‌ಫೋನಿನ ಎಡಭಾಗವನ್ನು ಕಿವಿಯ ಹಿಂದಕ್ಕೆ ಸರಿಸಿಯೇ ಆಡಿದೆ. ಆಯಿ ನಂಬಲಿಲ್ಲ. ಅಡುಗೆಮನೆಯಿಂದ ಮೆಲ್ಲಗೆ "ಬಾಯಾರ" ಎಂದು ಕರೆದು ಪರೀಕ್ಷೆ ಮಾಡುವರು. ಓಡಿಹೋದರೆ "ಏನಿಲ್ಲ, ಹೋಗ್ರಿ." ಈ ಪರೀಕ್ಷೆಗಳಲ್ಲಿ ನನ್ನ ಕಾರು ಅದೆಷ್ಟೋ ಸಲ ಕಂದಕಕ್ಕೆ ಬಿತ್ತು. ಅವರ ಮೇಲೆ ಸಿಟ್ಟು ಮಾಡಲು ಮಾತ್ರ ಮನಸ್ಸಾಗಲಿಲ್ಲ.

ಹೋದ ವರ್ಷ ಒಂದು ರವಿವಾರ ಸಂಜೆ ಅದೇ ಮೆಲುದನಿ: "ಬಾಯಾರ." ಇದೂ ಪರೀಕ್ಷೆಯೆಂದುಕೊಂಡೇ ಎದ್ದು ಹೋದೆ. ಆಯಿ ಅರಳೆಯ ಬುಟ್ಟಿಯ ಪಕ್ಕ ಬಿದ್ದಿದ್ದರು, ಮುಖದ ತುಂಬ ಬೆವರು. ಆಂಬುಲೆನ್ಸಿಗೆ ಫೋನ್ ಮಾಡಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ನನ್ನ ಕೊರಳಲ್ಲಿದ್ದ ಹೆಡ್‌ಫೋನ್ ಕಂಡು ಆ ಬಿಳಿ ಹುಬ್ಬುಗಳು ಒಟ್ಟು ಸೇರಿದವು.

"ಆಡಾಕ ಹತ್ತಿದ್ರಿ?"

"ಹೌದ್ರಿ ಆಯಿ."

"ಅಂದ್ರೂ ಕೇಳಿಸ್ತು?"

"ಕೇಳಿಸ್ತ್ರಿ."

ಹುಬ್ಬು ಸಡಿಲಾದವು. ಸೊಂಟವನ್ನು ತಡಕಿ ನನ್ನ ಕೋಣೆಯ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟರು. ಗಾಡಿ ಬರುವ ಹೊತ್ತಿಗೆ ಆಯಿ ಇರಲಿಲ್ಲ. ನನ್ನ ಎಡಗಿವಿಯನ್ನು ನಾನು ಇವತ್ತಿಗೂ ಮುಚ್ಚಿಲ್ಲ.