ಗೋಡೆ ಕರೆದರೆ ಯಾರು ಬರುತ್ತಾರೆ?

ಬಳ್ಳಾರಿಗೆ ಬಂದ ಮೊದಲ ಬೆಳಿಗ್ಗೆ ಕಿಟಕಿ ತೆರೆದವಳು ಹೌಹಾರಿದೆ. ಎದುರಿನ ಬಯಲಿನಲ್ಲಿ ನೂರಾರು ಕಾಲುಗಳು ನೇತಾಡುತ್ತಿದ್ದವು! ಸೊಂಟದಿಂದ ಕೆಳಗಷ್ಟೇ ಇರುವ, ಗಾಳಿಯನ್ನು ಒದೆಯುತ್ತಿರುವ ನೀಲಿ ಕಾಲುಗಳು. ಒಗೆದು ಹಗ್ಗಕ್ಕೆ ಹಾಕಿದ ಜೀನ್ಸ್ ಪ್ಯಾಂಟುಗಳವು ಎಂದು ತಿಳಿಯಲು ಕನ್ನಡಕ ಹುಡುಕಬೇಕಾಯಿತು. ಮಂಗಳೂರಿನ ನಮ್ಮ ಕಿಟಕಿಯಲ್ಲಿ ಕಾಣುತ್ತಿದ್ದುದು ಇಗರ್ಜಿಯ ಗಂಟೆಗೋಪುರ ಮತ್ತು ಪಕ್ಕದವರ ಬಾಳೆಗಿಡ, ಅಷ್ಟೆ.

ನನ್ನ ಗಂಡ ಮೆಲ್ವಿನ್ ಇಲ್ಲಿಯ ಒಂದು ಜೀನ್ಸ್ ಹೊಲಿಗೆ ಫ್ಯಾಕ್ಟರಿಗೆ ಮ್ಯಾನೇಜರ್ ಆಗಿ ಬಂದರು, ಜೊತೆಗೆ ನಾನು. ಕೆಲವು ದಿನ ಫ್ಯಾಕ್ಟರಿಯ ಮೇಲಿನ ಕೋಣೆ, ಆಮೇಲೆ ಪಾರ್ವತಿನಗರದಲ್ಲಿ ಬಾಡಿಗೆ ಮನೆ. ಅಲ್ಲಿ ಮೀನು, ಇಲ್ಲಿ ಮಿರ್ಚಿ. ಅಲ್ಲಿ ಬೆಳಗಿಗೆ ನೀರುದೋಸೆಯಾದರೆ ಇಲ್ಲಿ ನೆನೆಸಿದ ಮಂಡಕ್ಕಿಗೆ ಕೊಟ್ಟ ಒಗ್ಗರಣೆ. ತಿಂಡಿಯ ಹೆಸರೂ ಒಗ್ಗರಣೆಯೇ. ಪಕ್ಕದ ಮನೆಯಾಕೆ ತೆಲುಗಿನಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಾರೆ. ಎಲ್ಲವೂ ಹಿಡಿಸಿತು. ಆದರೂ ಡಿಸೆಂಬರ್ ಬಂದಾಗ ಒಲೆಯ ಮುಂದೆ ಒಬ್ಬಳೇ ನಿಂತು ಕುಸ್ವಾರ್, ಅಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳನ್ನು, ಕರಿಯುವುದನ್ನು ನೆನೆದರೆ ಒಲೆ ಹಚ್ಚುವ ಮನಸ್ಸೇ ಬರಲಿಲ್ಲ. ಅಲ್ಲಾದರೆ ಅಮ್ಮ, ಅತ್ತೆ, ನಾಲ್ವರು ನೆರೆಯವರು ಒಂದೇ ಮಣೆಯ ಸುತ್ತ ಕೂರುತ್ತಿದ್ದೆವು.

ಮೆಲ್ವಿನ್ ತಮ್ಮ ಫ್ಯಾಕ್ಟರಿಯ ಮಾಲೀಕರ ಹತ್ತಿರ ಮಾತಾಡಿದರು. ಫ್ಯಾಕ್ಟರಿಯಲ್ಲೇ ಹಬ್ಬ ಮಾಡೋಣ, ಎಲ್ಲರೂ ಮನೆಯವರನ್ನು ಕರೆತರಲಿ ಎಂದು. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. "ಮಂದಿ ಬರ್ತಾರಂತ ಸೋಮವಾರದೊಳಗ ಹೇಳ್ರಿ. ಇಲ್ಲಂದ್ರ ಮೊದಲಿನಂಗ ಲಾಡು ಪಾಕೀಟು ಹಂಚಿ ಬಿಡೂನು."

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು: ಆಮಂತ್ರಣದಲ್ಲಿ ಅಕ್ಷರ ದುಂಡಗಿರಬೇಕು, ಸಮಯ ಸ್ಪಷ್ಟವಾಗಿರಬೇಕು, ಬರುತ್ತೀರೋ ಇಲ್ಲವೋ ಎಂದು ವಿನಯದಿಂದ ಕೇಳಿರಬೇಕು. ಅಂಚಿಗೆ ಕ್ರಿಸ್ಮಸ್ ಕಾರ್ಡುಗಳಲ್ಲಿರುವಂಥ ಮುಳ್ಳಂಚಿನ ಹಾಲಿ ಎಲೆಗಳ ಚಿತ್ರ ಬಿಡಿಸಿ, "ಸಕುಟುಂಬ ಬನ್ನಿ" ಎಂದು ಬರೆದು, ಹಾಜರಿ ಪುಸ್ತಕದ ಮೇಲಿನ ಗೋಡೆಗೆ ಅಂಟಿಸಿದೆ. ಕೆಳಗೆ ಹೆಸರು ಬರೆಯಲು ಗೆರೆಗಳು. ಶನಿವಾರದವರೆಗೆ ಬಂದದ್ದು ಒಂದೇ ಹೆಸರು, ವಾಚ್‌ಮನ್‌ದು. ಅವರು ಹೇಗೂ ಅಲ್ಲೇ ಇರುತ್ತಾರೆ.

"ಬಿಡು ಮಾರಾಯ್ತಿ, ನಾವಿಬ್ಬರೇ ಕೇಕ್ ಕತ್ತರಿಸುವಾ" ಎಂದರು ಮೆಲ್ವಿನ್.

ಕಾಗದ ತೆಗೆಯಲು ಹೋದಾಗ ಗುಂಡಿ ಕೂರಿಸುವ ಹುಲಿಗೆಮ್ಮ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದಳು. ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬರುವ, ಯಾರಿಗೂ ಹೆದರದ ಹೆಂಗಸು.

"ಅಕ್ಕಾರ, ಗ್ವಾಡಿ ಕರದ್ರ ಯಾರರ ಬರ್ತಾರೇನ್ರಿ?"

"ಮತ್ತೆ ಹೇಗೆ ಕರೆಯಬೇಕು?"

"ಹೊಸ್ತಿಲಕ್ಕ ಬರಬೇಕ್ರಿ. ಕುಂಕುಮ ಕೊಟ್ಟು, ಮಕ್ಕಳು ಮರಿ ಸೈತ ಬರ್ರಿ ಅನ್ನಬೇಕು. ನಮ್ಮತ್ತಿಗೆ ನೀವು ಹೇಳಲಾರದ ನಾ ಹೆಂಗ ಕರ್ಕೊಂಡು ಬರ್ಲಿ? ಏನ್ ಮರ್ಯಾದಿ ಉಳೀತು?"

"ನಾನು ಕುಂಕುಮ ಇಡುವವಳಲ್ಲವಲ್ಲ ಹುಲಿಗೆಮ್ಮ..."

"ನಿಮಗ್ಯಾರು ಹಚ್ಕೊಳ್ರಿ ಅಂದ್ರು? ಬಾಯಿ ನಿಮ್ದು, ಭರಣಿ ನಂದು. ನಾಳಿ ಆಯ್ತವಾರ ಹೋಗೂನು ನಡ್ರಿ."

ಭಾನುವಾರ ಚರ್ಚಿನ ಪೂಜೆ ಮುಗಿಸಿ ನೇರ ಬಸ್‌ಸ್ಟ್ಯಾಂಡಿಗೆ ಹೋದೆ. ಮೊದಲು ಕುರುಗೋಡು, ಆಮೇಲೆ ಸಿರುಗುಪ್ಪ, ಅಲ್ಲಿಂದ ಆಟೊ ಹಿಡಿದು ಸಿರಿಗೇರಿ. ಹುಲಿಗೆಮ್ಮ ಕುಂಕುಮ ಹಚ್ಚುವಳು, ನಾನು ಕೈಮುಗಿದು "ಎಲ್ಲರೂ ಬನ್ನಿ" ಎನ್ನುವೆ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರ ಎಂಟು ಮನೆ, ಎಂಟು ಸಲ ಚಹಾ. ನಮ್ಮ ಕಡೆ ಅತಿಥಿಗೆ ಕುರ್ಚಿ ಎಳೆಯುತ್ತಾರೆ, ಇಲ್ಲಿ ಕೌದಿ ಹಾಸಿ, ತಾವೂ ಮಗ್ಗುಲಲ್ಲೇ ಕೂತು, ಬಳೆ ಮುಟ್ಟಿ ನೋಡಿ "ಎಷ್ಟು ಮಂದಿ ಅಕ್ಕತಂಗೇರು?" ಎಂದು ವಿಚಾರಿಸುತ್ತಾರೆ.

ಸಿರಿಗೇರಿಯ ಮನೆಯಲ್ಲಿ ಒಬ್ಬ ಅಜ್ಜಿ ಕೇಳಿದರು, "ಊಟಕ್ಕೇನವ್ವ?"

"ಕೇಕ್ ಇದೆ ಅಜ್ಜಿ."

"ಕೇಕ ಊಟ ಹೆಂಗಾದೀತ?" ಸೊಸೆಯ ಕಡೆ ತಿರುಗಿ, "ಪಾಪ, ಹೊಸಬಾಕಿ. ನಾವ ರೊಟ್ಟಿ ಬಡ್ಕೊಂಡು ಹೋಗೂನು" ಎಂದರು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಸೋಮವಾರ ಮೆಲ್ವಿನ್ ಮಾಲೀಕರಿಗೆ "ಬರುತ್ತಾರೆ" ಎಂದು ಹೇಳಿಯೂ ಬಿಟ್ಟರು. ಆದರೆ ಬಾಯಿಮಾತಿಗೆ ಸಹಿ ಇರುವುದಿಲ್ಲವಲ್ಲ, ಹಬ್ಬದ ದಿನದವರೆಗೂ ಕುಸ್ವಾರ್ ಕರಿಯುತ್ತ, ನಿಮ್ಮವರು ಬರುತ್ತಾರೋ, ಬಂದರೆ ಇದನ್ನು ತಿನ್ನುತ್ತಾರೋ ಎಂದು ಹುಲಿಗೆಮ್ಮನನ್ನು ಕೇಳುತ್ತಲೇ ಇದ್ದೆ.

ಅಂದು ಹೊಲಿಗೆ ಯಂತ್ರಗಳಿಗೆ ಮುಸುಕು ಹಾಕಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಕೇಕ್ ಇಟ್ಟೆವು. ಜೀನ್ಸ್ ತುಂಡುಗಳಿಂದ ಹೊಲಿದ ನಕ್ಷತ್ರ ಬಾಗಿಲಲ್ಲಿ ತೂಗುತ್ತಿತ್ತು. ಅದರ ಐದೂ ತುದಿಗೆ ಹಿತ್ತಾಳೆ ಗುಂಡಿ. ಹನ್ನೊಂದಕ್ಕೆಂದು ಕರೆದಿದ್ದೆ. ಹನ್ನೊಂದೂವರೆಗೂ ವಾಚ್‌ಮನ್ ಮತ್ತು ನಾವಿಬ್ಬರೇ. ಮೆಲ್ವಿನ್ ಕೇಕಿನ ಮೇಲಿನ ನೊಣ ಓಡಿಸುತ್ತ ನನ್ನ ಕಣ್ಣು ತಪ್ಪಿಸುತ್ತಿದ್ದರು.

ಆಗ ಹೊರಗೆ ಟೆಂಪೊ ನಿಂತ ಸದ್ದು. ಒಂದಲ್ಲ, ಎರಡು! ಬುತ್ತಿಗಂಟುಗಳು ಮೊದಲಿಳಿದವು, ಮಕ್ಕಳು ಆಮೇಲೆ, ಕೊನೆಗೆ ಸಿರಿಗೇರಿಯ ಅಜ್ಜಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ ಮೇಜಿನ ತುಂಬ ಹರಡಿ ಕೇಕ್ ಮೂಲೆ ಸೇರಿತು. ನಾನು ಕರಿದು ತಂದಿದ್ದ ಸಿಹಿ ಹೂರಣದ ನೆವ್ರಿಗಳನ್ನು ಮುರಿದು ನೋಡಿದ ಹುಲಿಗೆಮ್ಮನ ಅತ್ತೆ, "ಇದು ನಮ್ಮ ಕರ್ಚಿಕಾಯಿನೇ ಐತಲ್ಲ! ನಾಕು ದಿನದಿಂದ ಎದಕ್ಕ ಹೆದರ್ಕೊಂಡು ಮಾಡೀಯವ್ವ?" ಎಂದರು. ನಾನು ಕ್ರಿಸ್ಮಸ್ ಹಾಡು ಹೇಳಿಕೊಟ್ಟೆ. ಅವರು ಅದನ್ನು ಸೋಬಾನೆಯ ಧಾಟಿಗೆ ಎಳೆದರು. ಹೆಚ್ಚು ಚಂದವಾಯಿತು ಎಂದೇ ನನಗನ್ನಿಸಿತು. ಮಾಲೀಕರು ಮೂರು ರೊಟ್ಟಿ ತಿಂದು, ಲಾಡುವಿನ ಸುದ್ದಿ ಎತ್ತಲಿಲ್ಲ.

ಹೊರಡುವಾಗ ಅಜ್ಜಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. "ಸೆರಗ ಒಡ್ಡವ್ವ." ನಾನು ಚೂಡಿದಾರದಲ್ಲಿದ್ದೆ. "ಸೆರಗೇ ಇಲ್ಲಲೇ ಇಕಿಗೆ!" ಎಂದು ನಗೆ ಎದ್ದಿತು. ದುಪ್ಪಟ್ಟಾ ಒಡ್ಡಿದೆ. ಸಿರುಗುಪ್ಪ ಕಡೆಯ ಗದ್ದೆಯ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ ಅದರೊಳಗೆ ಬಿದ್ದವು. ಇದು ಉಡಿ ತುಂಬುವುದು. ಮನೆಮಗಳನ್ನು ತವರಿನಿಂದ ಕಳಿಸುವಾಗ ಹೀಗೆ ಮಡಿಲು ತುಂಬುತ್ತಾರಂತೆ.

"ನಾಡಿದ್ದು ಊರಿಗೆ ಹೋಗುತ್ತೇನೆ, ನಮ್ಮಮ್ಮ ಕಾಯುತ್ತಿದ್ದಾರೆ" ಎಂದೆ.

"ಹೋಗ್ರಿ ಅಕ್ಕಾರ, ಯಾರು ಬ್ಯಾಡಂತಾರ? ಉಡಿ ತುಂಬಿದ ಮ್ಯಾಲ ತವರುಮನಿ ಇದೂ ಆತು. ತಿರುಗಿ ಬರಬೇಕಷ್ಟ" ಎಂದಳು ಹುಲಿಗೆಮ್ಮ.

ಈಗ ಬಟ್ಟೆ ಜೋಡಿಸುತ್ತಿದ್ದೇನೆ. ಅಮ್ಮನ ಮನೆಯಲ್ಲಿ ಬೇಯುವುದು ಕುಚ್ಚಲಕ್ಕಿ ಮಾತ್ರ, ಈ ಬಿಳಿ ಅಕ್ಕಿಗೆ ಅವರು ಮೂಗು ಮುರಿಯುವುದು ಖಂಡಿತ. ಆದರೂ ಅರ್ಧವನ್ನು ಅದೇ ದುಪ್ಪಟ್ಟಾದಲ್ಲಿ ಗಂಟು ಕಟ್ಟಿ ಚೀಲದಲ್ಲಿಟ್ಟೆ. ಇನ್ನರ್ಧವನ್ನು ಪಾರ್ವತಿನಗರದ ಅಡುಗೆಮನೆಯ ಡಬ್ಬಿಗೆ ಸುರಿದು, ಹುಳ ಬೀಳದಂತೆ ಮೇಲೆ ಎರಡು ಒಣಮೆಣಸಿನಕಾಯಿ ಹಾಕಿ, ಮುಚ್ಚಳ ಬಿಗಿ ಮಾಡಿದೆ.