ಬಳೆ ಸದ್ದು

ಅಮೆರಿಕದ ರೌಂಡ್ ರಾಕ್‌ನಲ್ಲಿ ಮೊಮ್ಮಗಳ ಶಾಲೇಲಿ, ಮಕ್ಕಳು ತಾವು ಓದಿದ ಪುಸ್ತಕದಲ್ಲಿ ಬರೋರ ವೇಷ ಹಾಕಿ ಮಾತಾಡಬೇಕಿತ್ತು. ಇವಳು ಆರಿಸಿಕೊಂಡದ್ದು ಗುಲಾಮಳಾಗಿ ಹುಟ್ಟಿ, ತಪ್ಪಿಸಿಕೊಂಡು ಓಡಿ, ಮತ್ತೆ ವಾಪಸ್ ಹೋಗಿ ಉಳಿದವರನ್ನೂ ಬಿಡಿಸಿಕೊಂಡು ಬಂದ ಒಬ್ಬ ಹೆಂಗಸನ್ನ. ಸ್ಟೇಜ್ ಹತ್ತೋ ಹುಡುಗಿ ಬರಿಗೈಲಿ ಇರಬಾರದು ಅಂತ ನಾನು ಚಿನ್ನದ ಬಳೆ ತೊಡಿಸಿದೆ.

“ಅಜ್ಜಿ, ಸ್ಲೇವ್‌ಗೆ ಗೋಲ್ಡ್ ಯಾರು ಕೊಡ್ತಾರೆ?”

“ಅವರು ಕೊಡದಿದ್ರೆ ಬಿಡಲಿ, ನಾನು ಕೊಡ್ತೀನಿ.”

“ಕತ್ತಲಲ್ಲಿ ಕಾಡೊಳಗೆ ಓಡುವಾಗ ಸೌಂಡ್ ಆದ್ರೆ ಹಿಡೀತಾರೆ ಅಜ್ಜಿ.”

ಅದು ನ್ಯಾಯವಾದ ಮಾತು. ಬಳೆ ಬಿಚ್ಚಿದೆ. ಊರಲ್ಲಿ ಕಳೆ ಕೀಳೋಕೆ ಹೋಗುವಾಗ ನಾನು ಕಟ್ಟುತ್ತಿದ್ದ ಹಾಗೆ ಅವಳ ತಲೆಗೊಂದು ಬಟ್ಟೆ ಬಿಗಿದೆ.

ಅವಳ ಇಂಗ್ಲಿಷು ನನಗೆಲ್ಲಿ ತಿಳಿಯಬೇಕು. ಆದರೆ ಸ್ಟೇಜ್ ಮೇಲೆ ಅವಳು ಬಗ್ಗಿ, ತುಟಿಗೆ ಬೆರಳಿಟ್ಟು, ಹಿಂದಿನವರನ್ನ ಕೈಸನ್ನೆಯಲ್ಲಿ ಕರೆದಳು. ಕೂತಲ್ಲೇ ನನ್ನ ಕೈಬಳೆಗಳನ್ನ ಗಟ್ಟಿಯಾಗಿ ಹಿಡ್ಕೊಂಡೆ, ಅವಳು ಕಾಡು ದಾಟೋವರೆಗೂ ಬಿಡಲಿಲ್ಲ.